ನಡುವಿನ ಹಿಡಿ ಅಕ್ಕಿ

ಅವರ ಬಲಗೈಯ ಬೆರಳುಗಳು ಯಾವಾಗ ನೋಡಿದರೂ ಆಗಷ್ಟೇ ಬಟ್ಟೆ ಒಗೆದು ಬಂದವರ ಬೆರಳಿನಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಎಡಗೈ ಮಾತ್ರ ಒಣಗಿ, ನಯವಾಗಿ, ಬೇರೆ ಯಾರದ್ದೋ ಕೈಯಂತೆ ಇರುತ್ತಿತ್ತು. ಬಲಗೈ ಹಿಟ್ಟಿಗೆ, ಎಡಗೈ ಸ್ವಿಚ್ಚಿಗೆ ಎಂದು ಅವರು ಕೈಗಳಿಗೆ ಕೆಲಸ ಹಂಚಿಬಿಟ್ಟಿದ್ದರು. ರುಬ್ಬಿದ್ದಕ್ಕೆ ಗಿರಾಕಿಗಳು ಕೊಡುವ ಚಿಲ್ಲರೆಯನ್ನೂ ಎಡಗೈಯಲ್ಲೇ ತೆಗೆದುಕೊಳ್ಳುತ್ತಿದ್ದರು. ಹಿರಿಯ ಹೆಂಗಸೊಬ್ಬರು ಒಮ್ಮೆ, "ಲಕ್ಷ್ಮಿಯನ್ನು ಎಡಗೈಯಲ್ಲಿ ತೆಗೆದುಕೊಳ್ತೀಯಲ್ಲ, ಮರ್ಯಾದೆ ಉಂಟಾ?" ಎಂದು ಗದರಿದರು. "ಕೈ ಅದಲುಬದಲು ಮಾಡಿ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದರೆ ಮರ್ಯಾದೆ ನಿಮಗೆ, ಶಾಕು ನನಗೆ. ಬೇಕಾ ಅಮ್ಮ?" ಎಂದರು ಅಕ್ಕ.

ಅಕ್ಕ ಎಂದೇ ನಾನು ಅವರನ್ನು ಕರೆದದ್ದು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಡೊಂಬಿವಲಿ ಪೂರ್ವದ ಒಂದು ಚಾಳಿನಲ್ಲಿ, ಅಂದರೆ ಒಂಟಿಕೋಣೆಗಳ ಸಾಲುಮನೆಯಲ್ಲಿ, ನನ್ನ ಖೋಲಿ ಅವರ ಖೋಲಿಯ ಪಕ್ಕದಲ್ಲಿತ್ತು. ನಾನು ಗದಗಿನ ಕಡೆಯವನು, ಮುಂಬಯಿಯ ಕನ್ನಡ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಬೆಳಗಿನ ಪಾಳಿ ಮುಗಿಸಿ ಸಂಜೆಗೆ ಮುಂಚೆ ಮನೆ ಸೇರುತ್ತಿದ್ದೆ. ಅವರು ದಕ್ಷಿಣ ಕನ್ನಡದವರು, ಮನೆಮಾತು ತುಳು. ಯಜಮಾನರು ಠಾಣೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅಕ್ಕ ನನ್ನನ್ನು "ಪೇಪರಿನ ತಮ್ಮ" ಎನ್ನುತ್ತಿದ್ದರು.

ಅವರಿಗೆ ಅಂಗಡಿಯ ಯೋಚನೆ ಬಂದದ್ದು ಚಾಳಿನ ಮಾಲಕ ಕಲ್ಲಿನ ಸದ್ದಿನ ಬಗ್ಗೆ ಜಗಳವಾಡಿದ ಮೇಲೆ. ಊರಿಂದ ಲಾರಿಯಲ್ಲಿ ತರಿಸಿಕೊಂಡಿದ್ದ ರುಬ್ಬುವ ಕಲ್ಲನ್ನು ಅವರು ಖೋಲಿಯ ಮೂಲೆಯಲ್ಲಿ ಇಟ್ಟಿದ್ದರು. ಸುತ್ತಲಿನ ಹೊಸ ಕಟ್ಟಡಗಳ ಎರಡನೆಯ, ಮೂರನೆಯ ಮಾಳಿಗೆಯ ನಮ್ಮ ಜನರಿಗೆ ಅಂಥ ಕಲ್ಲು ಇಡಲು ಜಾಗವೂ ಇಲ್ಲ, ಅನುಮತಿಯೂ ಇಲ್ಲ. ಮಿಕ್ಸಿ ಆಗ ಕೆಲವೇ ಮನೆಗಳಲ್ಲಿತ್ತು. ಅದರಲ್ಲಿ ರುಬ್ಬಿದರೆ ಹಿಟ್ಟು ಬಿಸಿಯಾಗಿ ಇಡ್ಲಿ ಕಲ್ಲಾಗುತ್ತದೆಂದು ದೂರು. ಗೋಧಿ ಜೋಳ ಬೀಸುವ ಗಿರಣಿ ಗಲ್ಲಿಗೊಂದಿತ್ತು, ನೆನೆಸಿದ ಅಕ್ಕಿ ಉದ್ದು ರುಬ್ಬಿಕೊಡುವವರು ಒಬ್ಬರೂ ಇರಲಿಲ್ಲ. ಹೆಂಗಸರು ಬಟ್ಟಲು ಹಿಡಿದು ಅಕ್ಕನ ಖೋಲಿಗೆ ಬರತೊಡಗಿದರು. ಸದ್ದು ಹೆಚ್ಚಾಯಿತು, ಮಾಲಕ ಬಂದ. "ಹಾಗಾದರೆ ಎದುರಿನ ಕಲ್ಲಿದ್ದಲು ಅಂಗಡಿ ಖಾಲಿ ಉಂಟಲ್ಲ, ಅದನ್ನೇ ನನಗೆ ಕೊಡಿ" ಎಂದರಂತೆ ಅಕ್ಕ. ಮಾಲಕನೂ ಒಪ್ಪಿದ.

ಅಂಗಡಿಗೆ ಕರೆಂಟಿನ ರುಬ್ಬುವ ಕಲ್ಲಿನ ಯಂತ್ರ ಕೊಟ್ಟವರು ಯಜಮಾನರ ಅಣ್ಣ. ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದರು. ಹೊಸ ಗ್ರೈಂಡರು ತಂದ ಮೇಲೆ ಹಳೆಯದು ಅವರ ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ಕಳಿಸುವಾಗ ಅವರೊಂದು ಷರತ್ತು ಹಾಕಿದರು. ದೀಪಾವಳಿಯೊಳಗೆ ಅಂಗಡಿ ಕೈಹಿಡಿಯಬೇಕು. ಇಲ್ಲವಾದರೆ ಯಂತ್ರ ಅವರು ತೆರೆಯಲಿರುವ ಎರಡನೆಯ ಹೋಟೆಲಿಗೆ, ಅಕ್ಕ ಮತ್ತು ಮಕ್ಕಳು ಊರಿಗೆ, ಅತ್ತೆಯ ಮನೆಗೆ. ತಮ್ಮನೊಬ್ಬನೇ ಇದ್ದರೆ ಕ್ಯಾಂಟೀನಿನಲ್ಲೇ ಉಂಡು ಮಲಗಬಹುದು, ಖೋಲಿಯ ಬಾಡಿಗೆ ಉಳಿಯುತ್ತದೆ ಎಂಬುದು ಅವರ ವಾದ. ಯಜಮಾನರು ಅಣ್ಣನೆದುರು ದನಿ ಎತ್ತುವವರಲ್ಲ. ಅಕ್ಕ ಒಪ್ಪಿದರು. ಆಗ ಇನ್ನೂ ಮಳೆಗಾಲ.

ಕಲ್ಲಿದ್ದಲಿನ ಮಸಿಯನ್ನು ಉಜ್ಜಿ ತೆಗೆದು, ಸುಣ್ಣ ಬಳಿದು, ಒಂದು ಗುರುವಾರ ಸಂಜೆ ಅಂಗಡಿ ಸುರುವಾಯಿತು. ಬೆಳಿಗ್ಗೆ ಮನೆಯಲ್ಲಿ ನೆನೆಹಾಕಿದ್ದನ್ನು ಸಂಜೆ ತರುವುದು, ರುಬ್ಬಿಸಿಕೊಂಡು ಹೋಗಿ ಹುಳಿ ಬರಲು ಇಡುವುದು. ಮಸಾಲೆ ಮೊದಲಿನಿಂದಲೂ ಇಲ್ಲ, ಮೆಣಸಿನ ಘಾಟು ಕಲ್ಲಿನಿಂದ ಹೋಗುವುದಿಲ್ಲವೆಂದು. ಅಕ್ಕಿ, ಉದ್ದು, ಹೆಸರು ಇಷ್ಟೇ. ಮೊದಲ ವಾರಗಳಲ್ಲಿ ಜನ ಚೆನ್ನಾಗಿಯೇ ಬಂದರು. ಗುಂಡು ತಿರುಗುತ್ತಿರುವಾಗ ಪ್ರತಿಯೊಬ್ಬರೂ ಬಗ್ಗಿ ನೋಡಿ ಹೇಳುವವರೇ: "ಇನ್ನೊಂದು ಸುತ್ತು," "ಸಾಕು ಸಾಕು, ತರಿ ಇರಲಿ," "ನೀರು ಹಾಕಬೇಡ ಮಾರಾಯ್ತಿ." ಅಕ್ಕ ಎಲ್ಲರಿಗೂ "ಆಯ್ತು" ಎಂದು ತಮಗೆ ಸರಿ ಕಂಡಷ್ಟು ತಿರುಗಿಸುತ್ತಿದ್ದರು.

ತೊಡಕು ಬಂದದ್ದು ಗುಲ್ಬರ್ಗದ ಕಡೆಯ ಹೆಂಗಸೊಬ್ಬಳು ಬಂದ ಸಂಜೆ. ಪಕ್ಕದ ಗಲ್ಲಿಯಲ್ಲಿ ಕಟ್ಟಡವೇಳುತ್ತಿತ್ತು. ಅವಳು ಅಲ್ಲಿ ಇಟ್ಟಿಗೆ ಹೊರುವವಳು, ಅಲ್ಲಿಯೇ ತಗಡಿನ ಗುಡಿಸಲಿನಲ್ಲಿ ಸಂಸಾರ. ಕೂದಲಿನ ಮೇಲೆ ಸಿಮೆಂಟಿನ ಧೂಳು ಹಾಗೇ ಇತ್ತು. ಮಕ್ಕಳು ಗಾಡಿಯ ಇಡ್ಲಿಯ ರುಚಿ ಹತ್ತಿಸಿಕೊಂಡಿದ್ದರಿಂದ ಅಲ್ಯುಮಿನಿಯಂ ಪಾತ್ರೆಯಲ್ಲಿ ಅಕ್ಕಿ ಬೇಳೆ ನೆನೆಸಿ ತಂದಿದ್ದಳು. ಸಾಲಿನಲ್ಲಿ ಅವಳ ಹಿಂದೆ ಮೂವರಿದ್ದರು. ಅವಳ ಪಾತ್ರೆ ಕಲ್ಲಿಗೆ ಸುರಿಯುವಷ್ಟರಲ್ಲಿ ಒಬ್ಬರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು, ಇನ್ನೊಬ್ಬರಿಗೆ ಮಗು. ಮೂರನೆಯವರು ಏನೂ ಹೇಳದೆ ಹೊರಟರು.

ಅವಳು ತಿರುಗಿ ನೋಡಿ ಸೆರಗಿನಲ್ಲಿ ಬಾಯೊರೆಸಿಕೊಂಡಳು. "ಯಾಕ್ರಿ ಯಕ್ಕಾ, ನನ್ನ ಬ್ಯಾಳಿ ಕಂಡು ಎಲ್ಲಾರಿಗೂ ಮನಿ ನೆಪ್ಪಾತೇನ್ರಿ?"

ಅಕ್ಕ ಅವಳದ್ದನ್ನು ರುಬ್ಬಿ ಕೊಟ್ಟರು.

ಕಲ್ಲನ್ನು ಎಷ್ಟು ಬಳಿದರೂ ಎಷ್ಟು ತೊಳೆದರೂ ಒಬ್ಬರ ಹಿಟ್ಟಿನ ಒಂದಿಷ್ಟು ಅಂಶ ಮುಂದಿನವರ ಹಿಟ್ಟಿಗೆ ಸೇರುವುದು ತಪ್ಪುವುದಿಲ್ಲ. ಗಿರಣಿಯಲ್ಲೂ ಹೀಗೆಯೇ. ಆದರೆ ಅಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಒಣ ಧಾನ್ಯಕ್ಕೆ ಮೈಲಿಗೆಯಿಲ್ಲ, ನೀರು ತಾಗಿದ್ದಕ್ಕೆ ಉಂಟು ಎಂಬುದು ಹಳೆಯ ಲೆಕ್ಕ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂದಿನಿಂದ ಎಲ್ಲರೂ ಬರುವಾಗ "ಇವತ್ತು ಯಾರ್ಯಾರದ್ದು ಆಯ್ತು ಅಕ್ಕ?" ಎಂದು ಸಹಜವಾಗಿ ಎಂಬಂತೆ ಕೇಳತೊಡಗಿದರು. ಉತ್ತರ ಕೇಳಿ ಕೆಲವರು ನಿಲ್ಲುವರು, ಕೆಲವರು "ಆಮೇಲೆ ಬರ್ತೇನೆ" ಎಂದು ಹೋಗುವರು.

ಆ ಗಲ್ಲಿಯ ಕನ್ನಡದ ಹೆಂಗಸರಲ್ಲಿ ಮಾತು ನಡೆಯುತ್ತಿದ್ದದ್ದು ಬ್ಯಾಂಕಿನ ಅಧಿಕಾರಿಯೊಬ್ಬರ ಹೆಂಡತಿಯದ್ದು. ಉಡುಪಿಯ ಕಡೆಯವರು, ಮಡಿ ಆಚಾರ ಬಲ್ಲವರು, ಮನಸ್ಸು ಕೆಟ್ಟದ್ದಲ್ಲ. ಎಲ್ಲರೂ ಅವರನ್ನು ಬ್ಯಾಂಕಿನಮ್ಮ ಎನ್ನುತ್ತಿದ್ದರು. ಅವರೇ ಅಕ್ಕನಿಗೆ ಉಪಾಯ ಹೇಳಿಕೊಟ್ಟರು: "ಹೊತ್ತು ಬೇರೆ ಮಾಡು. ಯಾರಿಗೂ ಬೇಜಾರಿಲ್ಲ." ಅಕ್ಕ ಮಗಳ ಸ್ಲೇಟು ತಂದು ಬಾಗಿಲಿಗೆ ತೂಗುಹಾಕಿದರು. "ನಾಲ್ಕರಿಂದ ಐದು ಮಡಿಯವರಿಗೆ. ಐದರ ನಂತರ ಎಲ್ಲರಿಗೂ."

ವ್ಯಾಪಾರದಲ್ಲಿ ಅವರು ಮಾಡಿದ ದೊಡ್ಡ ತಪ್ಪು ಇದೊಂದೇ. ಮರುದಿನ ನಾಲ್ಕಕ್ಕೆ ಇಡೀ ಗಲ್ಲಿ ಬಂದು ನಿಂತಿತು. ಐದರ ನಂತರ ಬಂದರೆ ತಾವು ಮಡಿಯವರಲ್ಲವೆಂದು ತಾವೇ ಒಪ್ಪಿಕೊಂಡಂತೆ. ಅದಕ್ಕೆ ಯಾರೂ ತಯಾರಿರಲಿಲ್ಲ. ಹೋಟೆಲ್ ಮಾಣಿಯೊಬ್ಬರ ಹೆಂಡತಿ ಮಾರುಕಟ್ಟೆಯಿಂದ ನೇರ ಬಂದು ಸಾಲು ಸೇರಿದ್ದರು.

"ನಿನ್ನ ಚೀಲದಲ್ಲಿ ಬಂಗುಡೆಯ ಬಾಲ ಕಾಣ್ತಾ ಉಂಟು, ನೀನು ಎಲ್ಲಿಯ ಮಡಿ?" ಎಂದರು ಹಿಂದಿದ್ದವರು.

"ಅಕ್ಕಿ ಮಡಿ. ಮೀನು ಐದರ ನಂತರ."

ಸಾಲಿನಲ್ಲಿ ನಕ್ಕವರೂ ಇದ್ದರು, ಸಿಟ್ಟಾದವರೂ ಇದ್ದರು. ಬಟ್ಟಲುಗಳು ಒಂದಕ್ಕೊಂದು ತಾಗಿ ಜಗಳ. ಐದು ಹೊಡೆದ ಮೇಲೆ ಅಂಗಡಿಯ ಮುಂದೆ ನಾಯಿಯೂ ಇಲ್ಲ. ಕೆಲಸ ಬಿಟ್ಟು ಬಂದ ಗುಲ್ಬರ್ಗದವಳು ಖಾಲಿ ಬಾಗಿಲಲ್ಲಿ ನಿಂತು, ಸ್ಲೇಟು ಓದಲು ಬಾರದೆ ನನ್ನನ್ನು ಕೇಳಿದಳು. ನಾನು ಓದಿ ಹೇಳಿದೆ. "ಹಂಗಾದ್ರ ಐದರ ಮ್ಯಾಲೆ ನಾ ಒಬ್ಬಾಕಿನೇ ಎಲ್ಲಾರೂ ಆದೆ, ನೋಡ್ರಿ" ಎಂದು ನಕ್ಕು ರುಬ್ಬಿಸಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಒಂದು ಗಂಟೆಯಲ್ಲಿ ಇಡೀ ಸಂಜೆಯ ಕೆಲಸ ಮುಗಿಸಲು ಅಕ್ಕ ಕಲ್ಲಿಗೆ ಮಿತಿಮೀರಿ ತುಂಬಿಸತೊಡಗಿದರು. ಮೋಟಾರಿಗೆ ಬಿಡುವೇ ಇರಲಿಲ್ಲ. ನವರಾತ್ರಿಯ ಹೊತ್ತಿಗೆ ಒಂದು ದಿನ ರಬ್ಬರು ಸುಟ್ಟ ವಾಸನೆ ಬಂತು, ಹೊಗೆ ಎದ್ದಿತು, ಕಲ್ಲು ನಿಂತಿತು. ಒಳಗೆ ಯಾರದ್ದೋ ಅರ್ಧ ನುಣ್ಣಗಾದ ಉದ್ದು. ಅಕ್ಕ ಎಡಗೈಯಲ್ಲಿ ಸ್ವಿಚ್ಚು ಆರಿಸಿ, ಬಲಗೈಯಲ್ಲಿ ಆ ಉದ್ದನ್ನು ಬಳಿದು ಬಟ್ಟಲಿಗೆ ಹಾಕಿ ಕೊಟ್ಟು, ಬಾಗಿಲೆಳೆದರು. ಮೋಟಾರು ರಿಪೇರಿಗೆ ಹೋಯಿತು.

ಸುದ್ದಿ ಕಲ್ಯಾಣಕ್ಕೆ ಮುಟ್ಟಿ ಭಾವ ಬಂದರು. ಅವರು ಮಾತಾಡಿದ್ದು ತುಳುವಿನಲ್ಲಿ. ಗೋಡೆ ತೆಳುವಾಗಿತ್ತು, ಅಷ್ಟು ತುಳು ನನಗೂ ಬರುತ್ತಿತ್ತು.

"ದೀಪಾವಳಿಯವರೆಗೆ ಯಾಕೆ ಕಾಯುವುದು? ಮೋಟಾರು ಸರಿಯಾದದ್ದೇ ನನ್ನಲ್ಲಿಗೆ ಕಳಿಸು. ಮಕ್ಕಳ ಪರೀಕ್ಷೆ ಆದ ಮೇಲೆ ಬಸ್ಸಿಗೆ ಹತ್ತಿಸ್ತೇನೆ."

"ಮಾತು ದೀಪಾವಳಿಯದ್ದು, ಭಾವ."

"ಅಡುಗೆಮನೆ ನಡೆಸಿದ ಹಾಗೆ ಅಲ್ಲ ಅಂಗಡಿ."

"ಅದೇ ತಪ್ಪಾದದ್ದು. ನಾನು ಅಂಗಡಿಯನ್ನು ಅಡುಗೆಮನೆ ಮಾಡಲಿಕ್ಕೆ ಹೋದೆ."

ಭಾವ ಹೋದ ಮೇಲೆ ಯಜಮಾನರು ಹೆಂಡತಿಗೆ, "ಊರಲ್ಲಿ ನಿನಗೆ ಕಷ್ಟ ಇರಲಿಕ್ಕಿಲ್ಲ" ಎಂದರು. "ಇರುವುದಿಲ್ಲ. ಕೆಲಸವೂ ಇರುವುದಿಲ್ಲ" ಎಂದರು ಅಕ್ಕ. ಊರಲ್ಲಿ ಅತ್ತೆ, ಇಬ್ಬರು ಓರಗಿತ್ತಿಯರು ಇದ್ದರು. ಅಲ್ಲಿ ತಾನು ಮೂರನೆಯ ಸೊಸೆ ಮಾತ್ರ ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ಬೇಸರದಿಂದಲ್ಲ, ವಿಳಾಸ ಹೇಳಿದ ಹಾಗೆ.

ಮೋಟಾರು ಮರಳಿ ಬಂದ ದಿನ ನಾನು ಸ್ಟೇಷನ್ನಿನಿಂದ ನಡೆದು ಬರುತ್ತಿದ್ದೆ. ಅಕ್ಕ ಆ ಕಟ್ಟಡದೆದುರು ಮರಳಿನ ರಾಶಿಯ ಪಕ್ಕ ನಿಂತಿದ್ದರು. ಮೇಲಿನಿಂದ ಗುಲ್ಬರ್ಗದವಳು ತಲೆಯ ಸಿಂಬಿ ಕೈಗೆ ತೆಗೆದುಕೊಂಡು ಇಳಿದು ಬಂದಳು.

"ನಾಳೆ ಕಲ್ಲು ಸುರುವಾಗ್ತದೆ. ನೀನು ಬರಬೇಕು" ಎಂದರು ಅಕ್ಕ.

"ಯಾವ ತಾಸಿಗ್ರಿ? ಮಡಿ ತಾಸಿಗೋ, ನಮ್ಮ ತಾಸಿಗೋ?"

"ತಾಸು ಇಲ್ಲ. ಸ್ಲೇಟು ಮಗಳಿಗೆ ವಾಪಸು ಕೊಟ್ಟೆ."

"ಮತ್ತ ಅವ್ರು ಓಡಿ ಹೋದ್ರ?"

"ಓಡಲಿ. ನಾನು ಊರಿಗೆ ಹೋಗುವುದೇ ಆದರೆ ಎಲ್ಲರದ್ದೂ ರುಬ್ಬಿಯೇ ಹೋಗ್ತೇನೆ."

ಅವಳು ಸಿಂಬಿಯ ಧೂಳು ಕೊಡವಿದಳು. "ಬರ್ತೀನಿ ಬಿಡ್ರಿ. ನಮ್ಮ ಹುಡುಗ್ರು ದಿನಾ ಅಳ್ತಾವ" ಎಂದಳು.

ಮರುದಿನ ಸಂಜೆ ಮೊದಲು ಕಲ್ಲಿಗೆ ಬಿದ್ದದ್ದು ಅವಳ ಬೇಳೆ. ಅವಳ ಹಿಂದೆ ಬ್ಯಾಂಕಿನಮ್ಮ, ಅವರ ಹಿಂದೆ ಇನ್ನೂ ನಾಲ್ಕೈದು ಜನ. ಇಷ್ಟು ದಿನ ಯಂತ್ರ ನಿಂತಿದ್ದರಿಂದ ಎಲ್ಲರ ಮನೆಯಲ್ಲೂ ಚಪಾತಿ ತಿಂದು ಸಾಕಾಗಿತ್ತು. ಆದರೂ ಬ್ಯಾಂಕಿನಮ್ಮ ಬಟ್ಟಲನ್ನು ಕಂಕುಳಿಗೆ ಏರಿಸಿಕೊಂಡಿದ್ದರು, ಹೊರಡುವವರಂತೆ. ಗುಲ್ಬರ್ಗದವಳ ಹಿಟ್ಟನ್ನು ಬಳಿದು ಕೊಟ್ಟು, ಕಲ್ಲು ತೊಳೆದು, ಅಕ್ಕ ಹಲಗೆಯ ಕೆಳಗಿನಿಂದ ಒಂದು ಪಾತ್ರೆ ಎಳೆದರು. ಅದರಲ್ಲಿ ನೆನೆಸಿದ ಅಕ್ಕಿ. ಒಂದು ದೊಡ್ಡ ಹಿಡಿ ಕಲ್ಲಿಗೆ ಹಾಕಿ ತಿರುಗಿಸಿದರು. ನುಣ್ಣಗಾದದ್ದನ್ನು ತಮ್ಮದೇ ಇನ್ನೊಂದು ಪಾತ್ರೆಗೆ ಬಳಿದುಕೊಂಡು ಮತ್ತೆ ತೊಳೆದರು. ಆಮೇಲೆ ಸಾಲಿನ ಕಡೆ ತಿರುಗಿದರು.

"ಇವತ್ತಿನಿಂದ ಹೀಗೆ. ಒಬ್ಬರದ್ದಾದ ಮೇಲೆ ನನ್ನ ಒಂದು ಹಿಡಿ, ಆಮೇಲೆ ಮುಂದಿನವರದ್ದು. ಇಲ್ಲಿ ಯಾರೂ ಯಾರ ಹಿಂದೆಯೂ ಇಲ್ಲ. ಎಲ್ಲರೂ ನನ್ನ ಹಿಂದೆ." ಬ್ಯಾಂಕಿನಮ್ಮನನ್ನು ನೋಡಿ ದನಿ ತಗ್ಗಿಸಿದರು. "ನಾನು ಮೀನು ತಿನ್ನುವವಳು. ನಿಮಗೆ ಗೊತ್ತುಂಟು. ನಾನು ಆಗ್ತೇನಾ, ಹೇಳಿ ಅಮ್ಮ."

ಪ್ರಶ್ನೆಯನ್ನು ಅಷ್ಟು ನೇರವಾಗಿ ಅಲ್ಲಿ ಯಾರೂ ಯಾರಿಗೂ ಕೇಳಿದ್ದಿಲ್ಲ. ಗಲ್ಲಿಯಲ್ಲಿ ಹೋಗುತ್ತಿದ್ದ ಹಾಲಿನ ಭೈಯಾ ಕೂಡ ನಿಂತ. ಬ್ಯಾಂಕಿನಮ್ಮ ಕಲ್ಲನ್ನು ನೋಡಿದರು, ಅಕ್ಕನ ಪಾತ್ರೆಯನ್ನು ನೋಡಿದರು. ಆಗುತ್ತೀ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ.

"ಅಕ್ಕಿ ಯಾವುದು? ಕುಚ್ಚಲೋ, ಬೆಳ್ತಿಗೆಯೋ?"

"ಬೆಳ್ತಿಗೆಯೇ. ಬಿಳಿ ಅಕ್ಕಿ."

"ಕುಚ್ಚಲು ಹಾಕಬೇಡ. ನನ್ನ ಇಡ್ಲಿ ಕೆಂಪಾಗ್ತದೆ" ಎಂದು ಬಟ್ಟಲನ್ನು ಮುಂದೆ ಚಾಚಿದರು.

ಅವರ ಹಿಂದಿನವರಿಗೆ ಅಷ್ಟು ಸಾಕಾಗಿತ್ತು. ಇಬ್ಬರು ಹೋದರು, ಉಳಿದವರು ನಿಂತರು. ಹೋದವರಲ್ಲಿ ಒಬ್ಬರು ಮುಂದಿನ ವಾರ ಬಂದರು, ಇನ್ನೊಬ್ಬರು ಕೊನೆಯವರೆಗೂ ಬರಲಿಲ್ಲ. ಅಕ್ಕ ಅವರನ್ನು ಕರೆಯಲೂ ಇಲ್ಲ, ಕಂಡಾಗ ಮಾತು ಬಿಡಲೂ ಇಲ್ಲ. ದಿನದ ಕೊನೆಗೆ ಆ ಹಿಡಿಗಳೆಲ್ಲ ಸೇರಿ ಒಂದು ತಪಲೆಯಾಗುತ್ತಿತ್ತು. ಬೆಳಿಗ್ಗೆ ಅವರ ಮನೆಯಲ್ಲಿ ಅದರದ್ದೇ ದೋಸೆ. ಎಲ್ಲ ಮನೆಗಳ ಉದ್ದಿನ, ಮೆಂತ್ಯದ ಅಂಶ ಸೇರಿದ್ದರಿಂದ ಒಂದು ದಿನದ ರುಚಿ ಇನ್ನೊಂದು ದಿನ ಇರುತ್ತಿರಲಿಲ್ಲ. ನನಗೂ ಎರಡು ಬರುತ್ತಿದ್ದವು. ಒಲೆ ಹಚ್ಚದೆ ಲೋಕಲ್ ರೈಲು ಹಿಡಿಯುತ್ತಿದ್ದ ನನ್ನಂಥವನಿಗೆ ಅದು ಎಷ್ಟು ದೊಡ್ಡ ಉಪಕಾರವೆಂದು ಆಗ ತಿಳಿಯಲಿಲ್ಲ.

ನರಕ ಚತುರ್ದಶಿಯ ಹಿಂದಿನ ಸಂಜೆ ಭಾವ ಟೆಂಪೊ ತಂದರು. ಹಬ್ಬದ ಬೆಳಿಗ್ಗೆ ಕರಾವಳಿಯವರ ಮನೆಗಳಲ್ಲಿ ದೋಸೆ ಆಗಲೇಬೇಕು. ಸಾಲು ಅಂಗಡಿಯಿಂದ ಹೊರಟು ಗಲ್ಲಿಯ ತಿರುವು ದಾಟಿತ್ತು. ಟೆಂಪೊ ಒಳಗೆ ಬರಲಾಗದೆ ಮುಖ್ಯರಸ್ತೆಯಲ್ಲೇ ನಿಂತಿತು. ಭಾವ ಜನರನ್ನು ಸರಿಸಿಕೊಂಡು ಬಾಗಿಲಿಗೆ ಬಂದರೆ, "ಸಾಲಿನಲ್ಲಿ ಬನ್ನಿ ಮಾರಾಯ್ರೆ!" ಎಂದು ಮೂರ್ನಾಲ್ಕು ದನಿಗಳು ಒಟ್ಟಿಗೆ ಕೇಳಿಸಿದವು.

ಅಕ್ಕ ತಲೆ ಎತ್ತಿದರು. "ಬನ್ನಿ ಭಾವ, ಕುಳಿತುಕೊಳ್ಳಿ. ಕಲ್ಲು ಖಾಲಿಯಾದದ್ದೇ ಎತ್ತಿಕೊಂಡು ಹೋಗಿ."

ಮಗಳು ಸ್ಟೂಲು ತಂದಿಟ್ಟಳು. ಭಾವ ಕುಳಿತರು. ಚಹಾ ಬಂತು. ಒಬ್ಬರದ್ದಾಯಿತು, ಹಿಡಿ ಅಕ್ಕಿ ತಿರುಗಿತು, ಇನ್ನೊಬ್ಬರದ್ದು ಬಿತ್ತು. ಹೋಟೆಲು ನಡೆಸಿದ ಮನುಷ್ಯ, ಸಾಲು ನೋಡಿದರೆ ಅವರಿಗೆ ಯಾರೂ ಅರ್ಥ ಹೇಳಬೇಕಿರಲಿಲ್ಲ. ಎರಡನೆಯ ಸಲ ಚಹಾ ಬಂದಾಗ ಅವರು ಬೆಲ್ಟಿನ ಕಡೆ ಬಗ್ಗಿ ನೋಡಿ, "ಇದು ಸಡಿಲವಾಗಿದೆ, ಬಿಗಿ ಮಾಡಿಸು. ಇಲ್ಲದಿದ್ದರೆ ಮತ್ತೆ ಮೋಟಾರು ಹೋಗ್ತದೆ" ಎಂದರು. ಲೋಟ ಕೆಳಗಿಟ್ಟು ಎದ್ದು ಹೋದರು. ಟೆಂಪೊ ಖಾಲಿ ಹೋಯಿತು. ಅಕ್ಕ ತಮ್ಮ ಹಿಡಿ ಅಕ್ಕಿಯನ್ನು ಕಲ್ಲಿಗೆ ಹಾಕಿ, ಎಡಗೈಯಲ್ಲಿ ಸ್ವಿಚ್ಚು ಒತ್ತಿದರು.

ಮುಂದಿನದ್ದು ದೀರ್ಘವಾದರೂ ಹೇಳುವುದು ಕಡಿಮೆ. ಎಂಬತ್ತರ ದಶಕದಲ್ಲಿ ಮನೆಮನೆಗೂ ಮಿಕ್ಸಿ ಬಂತು, ಬಟ್ಟಲು ತರುವವರು ಕಡಿಮೆಯಾದರು. ಸಂಜೆ ಲೋಕಲಿನಿಂದ ಇಳಿದು, ದಾರಿಯಲ್ಲೇ ಹೆಚ್ಚಿದ ತರಕಾರಿ ಕೊಂಡು ಓಡುವ ಆಫೀಸಿನ ಹೆಂಗಸರನ್ನು ಅಕ್ಕ ಗಮನಿಸಿದ್ದರು. ಇವರಿಗೆ ನೆನೆಹಾಕಲೂ ಪುರುಸೊತ್ತಿಲ್ಲ ಎಂದು ತಾವೇ ರುಬ್ಬಿದ ಹಿಟ್ಟು ಮಾರತೊಡಗಿದರು. ಮರಾಠಿ ಹೆಂಗಸರು ಹೆಚ್ಚು ಬಂದರು. ಎರಡನೆಯ ಕಲ್ಲು ಬಂತು. ಗುಲ್ಬರ್ಗದವಳ ಕಟ್ಟಡ ಮುಗಿದು ಆ ಸಂಸಾರ ಬೇಲಾಪುರದ ಕಡೆ ಹೊಸ ಕೆಲಸಕ್ಕೆ ಹೋಯಿತು. ಹೋಗುವ ಮುನ್ನ ಅವಳು ಬಂದು, ಅಲ್ಲೊಂದು ಅಂಗಡಿ ಹಾಕ್ರಿ ಎಂದು ಹೇಳಿಹೋದಳು. ನಾನೂ ವಾಶಿಗೆ ಮನೆ ಬದಲಿಸಿದೆ. ಹಬ್ಬಕ್ಕೊಮ್ಮೆ ಹೋಗಿಬರುತ್ತಿದ್ದೆ.

ಆ ದಶಕದ ಕೊನೆಗೆ ಅವರ ಕಿಡ್ನಿ ಕೆಟ್ಟಿತು. ಯಜಮಾನರು ಅಷ್ಟರಲ್ಲಿ ನಿವೃತ್ತರು. ಊರಲ್ಲಿ ಸಣ್ಣ ಮನೆ ಕಟ್ಟಿಸಿದ್ದರು, ಒಳ್ಳೆಯ ಗಾಳಿ ನೀರು ಎಂದು ಕರೆದುಕೊಂಡು ಹೋದರು. ಅಕ್ಕ ತಿಂಗಳೊಳಗೆ ಮರಳಿದರು. ನಾನು ನೋಡಲು ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಹೊರಗೆ ಹಿರಿಯ ಮಗಳು ಕಲ್ಲು ನಡೆಸುತ್ತಿದ್ದಳು. ಊರು ಹೇಗಿತ್ತು ಎಂದು ಕೇಳಿದೆ.

"ಊರು ಚಂದ ಉಂಟು ತಮ್ಮ. ಆದರೆ ಅಲ್ಲಿ ಎಲ್ಲರ ಮನೆಯಲ್ಲೂ ಅವರವರ ಕಲ್ಲು. ಯಾರೂ ಬರುವುದಿಲ್ಲ."

ಆಗ ಅವರ ಎರಡು ಕೈಗಳೂ ಒಂದೇ ಹಾಗೆ ಒಣಗಿದ್ದವು. ಅದಾದ ಕೆಲವೇ ವಾರಗಳಲ್ಲಿ ಅವರು ಅದೇ ಕೋಣೆಯಲ್ಲಿ ತೀರಿಕೊಂಡರು.

ನಿಧನದ ಸುದ್ದಿ ನಾನೇ ಬರೆದೆ, ನಾಲ್ಕು ಸಾಲು. ಹೆಸರು, ವಯಸ್ಸು, ಪತಿ ಮತ್ತು ಇಬ್ಬರು ಪುತ್ರಿಯರು, ಡೊಂಬಿವಲಿಯಲ್ಲಿ ಹಿಟ್ಟಿನ ಅಂಗಡಿ ನಡೆಸುತ್ತಿದ್ದರು. ನಮ್ಮ ಸುದ್ದಿ ಸಂಪಾದಕರು ಕನ್ನಡಕ ಮೇಲೇರಿಸಿ ಓದಿದರು. "ಯಾವ ಸಮಾಜದವರು ಅಂತ ಹಾಕಿಲ್ಲವಲ್ಲ?" ಮುಂಬಯಿ ಕನ್ನಡಿಗರ ನಿಧನ ವಾರ್ತೆಯಲ್ಲಿ ಸಮಾಜ ಎಂದರೆ ಜಾತಿ, ಅದು ಇರಲೇಬೇಕು. ಓದುವವರು ಮೊದಲು ಹುಡುಕುವುದು ಅದನ್ನೇ. ಆ ರೂಢಿ ನನಗೂ ಗೊತ್ತಿತ್ತು.

"ಅಂಗಡಿ ಅಂತ ಇದೆಯಲ್ಲ ಸರ್."

"ಅದು ಉದ್ಯೋಗ ಆಯಿತಪ್ಪ. ಜನ ಗುರುತು ಹಿಡಿಯುವುದು ಹೇಗೆ?"

"ಅದರಿಂದಲೇ ಹಿಡೀತಾರೆ."

ಅವರು ಕನ್ನಡಕ ಇಳಿಸಿ ಕಾಗದವನ್ನು ಮತ್ತೊಮ್ಮೆ ಓದಿದರು. "ಅಂಗಡಿ ಗಂಡನದೋ, ಅವರದೋ?" ಎಂದರು.

"ಅವರದ್ದು."

ಪೆನ್ಸಿಲ್ ತೆಗೆದು 'ಹಿಟ್ಟಿನ ಅಂಗಡಿ'ಯ ಮೊದಲು 'ಸ್ವಂತ' ಎಂದು ಸೇರಿಸಿ, ಕಾಗದವನ್ನು ಅಚ್ಚಿಗೆ ಕಳಿಸಿದರು.